ಕಂಬದ ತಲೆಗೆ ಕಟ್ಟಿದ ನೆಲುವು

ಕಂಬ ನಮ್ಮ ಹೊಲದಲ್ಲೇ ಉಳಿಯಿತು! ಮೊಮ್ಮಗಳು ಗೆದ್ದಳು! ನೆನ್ನೆ ಮಧ್ಯಾಹ್ನ ಬೆಂಗಳೂರಿನ ದೊಡ್ಡ ಇಂಜಿನಿಯರು ನಮ್ಮ ಜಗುಲಿಯ ಮೇಲೆ ಕೂತು ಅವಳ ದಪ್ಪ ಪುಸ್ತಕದ ಕೊನೆಯ ಹಾಳೆಗೆ ಸಹಿ ಹಾಕಿದರು. ಸಹಿಯ ಮೇಲೆ ಎರಡು ಸಾಲು ಬರೆದರು. ಆ ಎರಡು ಸಾಲಿನಲ್ಲಿ ನಾನೂ ಇದ್ದೇನೆ. ಪೂರಾ ಇಲ್ಲ, ನನ್ನ ಬಲಗೈ ಮಾತ್ರ ಇದೆ, ಮೊಣಕೈಯಿಂದ ನಡುಬೆರಳ ತುದಿಯವರೆಗೆ. ನನಗೆ ಅಷ್ಟು ಸಾಕು.

ಬೆಳಗಿನಿಂದ ಕಂಡಕಂಡವರಿಗೆಲ್ಲ ಹೇಳಿದ್ದಾಯಿತು. ಹಲಗೂರಿಗೆ ಹೋಗುವ ಬಸ್ಸಿನ ಕಂಡಕ್ಟರಿಗೆ ಕೈ ಬೀಸಿ ಕೂಗಿದೆ. ಮುದುಕಿ ಬಸ್ಸು ಹತ್ತುತ್ತಾಳೆ ಅಂದುಕೊಂಡು ಅವನು ವಿಸಿಲ್ ಊದಿ ನಿಲ್ಲಿಸಿದ. ಸುದ್ದಿ ಕೇಳಿ ಗೊಣಗಿಕೊಂಡು ಹೋದ. ಎಮ್ಮೆಗೂ ಹೇಳಿದೆ. ಇನ್ನು ಹೇಳುವುದಕ್ಕೆ ಯಾರೂ ಉಳಿದಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ನಾನು ಓದಿದ್ದು ನಾಲ್ಕನೆಯ ಕ್ಲಾಸು. ತಪ್ಪಿದ ಕಡೆ ಮೊಮ್ಮಗಳು ತಿದ್ದಿದ್ದಾಳೆ. ಅವಳನ್ನು ಬೈದಿರುವ ಕಡೆಯನ್ನೂ ತಿದ್ದುವುದಕ್ಕೆ ನೋಡಿದಳು, ನಾನು ಬಿಡಲಿಲ್ಲ.

ಮೊದಲು ಕಂಬದ ವಿಷಯ. ನಮ್ಮೂರು ಮಳವಳ್ಳಿಯಿಂದ ಹಲಗೂರಿಗೆ ಹೋಗುವ ದಾರಿಯಲ್ಲಿದೆ. ನಾಲೆಯ ನೀರು ಮದ್ದೂರಿನ ಕಡೆಯವರಿಗೆ ಕಬ್ಬು ಬೆಳೆಸುತ್ತದೆ, ನಮ್ಮ ಹೊಲದ ಎತ್ತರಕ್ಕೆ ಹತ್ತುವುದಿಲ್ಲ. ನಮಗೆ ಇರುವುದು ಮನೆಯ ಮುಂದಿನ ಒಂದು ಬಾವಿ. ಬಾವಿಗೆ ಕರೆಂಟು ಬರುತ್ತದೆ ಎಂದು ಮೂರು ಸಲ ಅಳೆದುಕೊಂಡು ಹೋದವರು ಆಮೇಲೆ ಮುಖ ತೋರಿಸಲಿಲ್ಲ. ಹೀಗಿರುವಾಗ ಬೆಂಗಳೂರಿನ ಒಂದು ಸಂಸ್ಥೆಯವರು ಗಾಳಿಯಿಂದ ನೀರೆತ್ತುವ ಯಂತ್ರ ಮಾಡಿ, ಅದನ್ನು ಪರೀಕ್ಷೆಗೆ ನಿಲ್ಲಿಸಲು ಒಂದು ಹೊಲ ಹುಡುಕುತ್ತಿದ್ದರಂತೆ. ಮೊಮ್ಮಗಳು ಮಂಡ್ಯದಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದಳು. ಅವಳ ಕ್ಲಾಸಿನಲ್ಲಿ ಹುಡುಗಿ ಅಂತ ಇದ್ದದ್ದು ಅವಳೊಬ್ಬಳೇ. ಮೇಷ್ಟ್ರು ಈ ವಿಷಯ ಹೇಳಿದ್ದೇ ತಡ, ಎದ್ದು ನಿಂತು, "ನಮ್ಮ ತಾತನ ಹೊಲ ಇದೆ ಸಾರ್," ಅಂದಳಂತೆ. ತಾತನನ್ನು ಯಾರು ಕೇಳಿದರು?

ಎಮರ್ಜೆನ್ಸಿ ಮುಗಿದ ಮಾರನೆಯ ವರ್ಷ, ಸಂಕ್ರಾಂತಿ ಕಳೆದ ಮೇಲೆ, ಲಾರಿಯಲ್ಲಿ ಕಂಬ ಬಂತು. ಮೂವತ್ತು ಅಡಿ ಉದ್ದದ ಒಂಟಿ ಕಬ್ಬಿಣದ ಕಂಬ. ಹತ್ತಲು ಪಕ್ಕದಲ್ಲಿ ಮೆಟ್ಟಿಲಿನ ಹಾಗೆ ಸರಳುಗಳು. ತುದಿಯಲ್ಲಿ ಒಬ್ಬರು ನಿಲ್ಲುವಷ್ಟು ಅಟ್ಟ, ಅದರ ಮೇಲೆ ರೆಕ್ಕೆಯ ಚಕ್ರ. ಚಕ್ರ ಒಂದು ಸುತ್ತು ಸುತ್ತಿದರೆ ಒಂದು ಉದ್ದನೆಯ ಸರಳು ಮೇಲೆದ್ದು ಬಾವಿಯಿಂದ ನೀರು ಎಳೆಯುತ್ತದೆ. ಕಂಬ ಬೀಳದ ಹಾಗೆ ನಾಲ್ಕು ಕಡೆ ತಂತಿ ಬಿಗಿದರು. ಮೊದಲ ದಿನ ಬಳಬಳ ನೀರು ಬಿದ್ದಾಗ ನಮ್ಮ ಯಜಮಾನರು ನಾಲ್ಕು ಸಲ ಮುಖ ತೊಳೆದುಕೊಂಡರು. ಮುಖ ಏನೂ ಬದಲಾಗಲಿಲ್ಲ.

ತೊಂದರೆ ಶುರುವಾದದ್ದು ಶಿವರಾತ್ರಿಯ ಹೊತ್ತಿಗೆ. ಗಾಳಿ ಕಮ್ಮಿ ಇದ್ದರೆ ಕಂಬ ಸುಮ್ಮನೆ ಇರುತ್ತಿತ್ತು. ಗಾಳಿ ಜೋರಾದರೂ ಸುಮ್ಮನೆ ಇರುತ್ತಿತ್ತು, ಅದೇ ಆಶ್ಚರ್ಯ. ಹಪ್ಪಳ ಒಣಗಿಸುವಂಥ ಹದವಾದ ಗಾಳಿ ಬಂತೋ, ಕಂಬದ ತಲೆ ಅತ್ತ ಇತ್ತ ತೂಗಲು ಶುರು. ಮೊದಲು ಒಂದು ಬೆರಳಷ್ಟು, ಆಮೇಲೆ ಎರಡು, ಹಾಗೇ ಬೆಳೆದೂ ಬೆಳೆದೂ ಆರು ಬೆರಳಷ್ಟು. ತಂತಿಗಳು ಗುಂಯ್ ಅನ್ನುತ್ತಿದ್ದವು. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು.

"ಕಂಬ ಕುಡ್ಕಬುಟ್ಟದೆ ಕಣ್ಲಾ," ಅನ್ನುತ್ತಿದ್ದ ಒಬ್ಬ.

"ಮನೆಯವರ ನೋಡಿ ಕಲ್ತದೆ ಬುಡು," ಅನ್ನುತ್ತಿದ್ದ ಇನ್ನೊಬ್ಬ.

ನಮ್ಮ ಯಜಮಾನರು ಹಬ್ಬಕ್ಕೆ ಒಂದಿಷ್ಟು ಹೆಂಡ ಕುಡಿಯುವುದು ನಿಜ. ಅದಕ್ಕೂ ಕಂಬಕ್ಕೂ ಸಂಬಂಧ ಇಲ್ಲ.

ಸಂಸ್ಥೆಯಿಂದ ಕಾಗದ ಬಂತು. ಆಷಾಢದಲ್ಲಿ ದೊಡ್ಡ ಇಂಜಿನಿಯರು ಬಂದು ನೋಡುತ್ತಾರೆ. ಕಂಬದ ತಲೆ ಮೂರು ಬೆರಳಿಗಿಂತ ಹೆಚ್ಚು ಓಲಾಡಿದರೆ ಅಪಾಯ, ಆವತ್ತೇ ಬಿಚ್ಚಿ ಲಾರಿಗೆ ಹಾಕಿಕೊಂಡು ಹೋಗುತ್ತಾರೆ. ಮೊಮ್ಮಗಳು ಕಾಲೇಜಿಗೆ ಬರೆದುಕೊಡಬೇಕಾಗಿದ್ದ ದೊಡ್ಡ ಕೆಲಸವೂ ಇದೇ ಕಂಬದ ಮೇಲಿನದು. ಕಂಬ ಹೋದರೆ ಅವಳ ಕೆಲಸವೂ ಹೋಯಿತು, ಬೇರೆ ಕೆಲಸ ಹಿಡಿದು ಇನ್ನೊಂದು ವರ್ಷ ಕೂರಬೇಕು. ಅವಳಪ್ಪ, ಅಂದರೆ ನನ್ನ ಮಗ, ಮದ್ದೂರಿನಲ್ಲಿ ಹೈಸ್ಕೂಲು ಮೇಷ್ಟ್ರು. ದಿನಾ ಬಸ್ಸಿನಲ್ಲಿ ಹೋಗಿಬರುತ್ತಾನೆ. ಅವನು ಏನೂ ಹೇಳಲಿಲ್ಲ. ಅವನು ಏನೂ ಹೇಳದಿದ್ದರೆ ಮನೆಯಲ್ಲಿ ಎಲ್ಲರಿಗೂ ಭಯ.

ಮೊಮ್ಮಗಳು ಕಾಲೇಜಿನಿಂದ ಮೂರು ಕಾಲಿನ ದುರ್ಬೀನು ತಂದಳು, ರಸ್ತೆ ಅಳೆಯುವವರು ಇಟ್ಟುಕೊಳ್ಳುತ್ತಾರಲ್ಲ ಅಂಥದು. ಕಂಬದ ತಲೆಗೆ ಕೆಂಪು ಬಿಳಿ ಪಟ್ಟೆ ಬಳಿದ ಹಲಗೆ ಹೊಡೆಸಿದಳು. ದುರ್ಬೀನಿನಲ್ಲಿ ಕಣ್ಣಿಟ್ಟು ಪಟ್ಟೆ ಎಷ್ಟು ಸರಿಯಿತು ಎಂದು ಕೂಗುವಳು, ನಾನು ಇದ್ದಲಿನಲ್ಲಿ ಗೋಡೆಯ ಮೇಲೆ ಗೆರೆ ಎಳೆಯಬೇಕು. ಸುಣ್ಣ ಬಳಿದ ಗೋಡೆ ಹಾಳಾಯಿತು ಎಂದು ಸೊಸೆ ಗೊಣಗಿದಳು. ಗೋಡೆ ಹಾಳಾದರೂ ಸರಿ, ನನಗೆ ಖುಷಿ. ಇಂಜಿನಿಯರಿಂಗ್ ಮಾಡುವಾಗ ಸೀರೆಗೆ ಮಸಿ ಆಗದೆ ಇರುತ್ತದೆಯೇ?

ಒಂದು ದಿನ ಕೇಳಿದೆ, "ಅಲ್ಲ ಕಣವ್ವ, ಬಿರುಗಾಳಿಗೆ ನೆಟ್ಟಗಿರೋ ಕಂಬ ಈ ಸಣ್ಣ ಗಾಳಿಗೆ ಯಾಕವ್ವ ಇಂಗಾಡ್ತದೆ?"

"ನನ್ನ ತೊಟ್ಟಿಲು ತೂಗ್ತಿದ್ಯಲ್ಲ ಅಜ್ಜಿ, ಜೋರಾಗಿ ನೂಕ್ತಿದ್ಯಾ?"

"ಜೋರಾಗಿ ಯಾಕ್ ನೂಕ್ಲಿ? ಅದು ಇತ್ತಗೆ ಬಂದು ಅತ್ತಗೆ ತಿರುಗೋ ಒತ್ತಿಗೆ ಒಂದು ಬೆರಳಾಗೆ ತಳ್ಳಿದ್ರೆ ಸಾಕು, ತಾನಾಗೇ ಓಯ್ತದೆ."

"ಅಷ್ಟೇ. ಕಂಬಕ್ಕೂ ತನ್ನದೇ ಒಂದು ತೂಗು ಇದೆ. ಪಂಪಿನ ಸರಳು ಸುತ್ತಿಗೊಂದು ಸಲ ಎಳೀತದೆ. ಗಾಳಿ ಕಮ್ಮಿ ಇದ್ರೆ ಎಳೆತ ನಿಧಾನ, ಜೋರಿದ್ರೆ ಬಿರುಸು. ಈ ಹದದ ಗಾಳೀಲಿ ಮಾತ್ರ ಎಳೆತಾನೂ ಕಂಬದ ತೂಗೂ ಒಂದೇ ಲೆಕ್ಕಕ್ಕೆ ಬಂದ್ಬಿಡ್ತವೆ."

"ಅಂದ್ರೆ ಗಾಳಿ ನಮ್ಮ ಕಂಬಾನ ತೊಟ್ಟಿಲು ಮಾಡ್ಕಂಡು ತೂಗ್ತಾ ಕುಂತದೆ ಅನ್ನು."

ಅವಳು ನಕ್ಕಳು. ಆಮೇಲೆ ಬೆರಳು ಎತ್ತಿ ಹೇಳಿದಳು, "ಅಜ್ಜಿ, ಒಂದು ಮಾತು. ದೃಷ್ಟಿ ಗಿಷ್ಟಿ ಅಂತ ಕಂಬಕ್ಕೆ ಏನೂ ಕಟ್ಬೇಡ. ನಿಂಬೆಹಣ್ಣು ಬೇಡ, ಮೆಣಸಿನಕಾಯಿ ಬೇಡ. ಅದರ ಮೇಲೆ ಏನಿದ್ರೂ ನಂಗೆ ಗೊತ್ತಿರಬೇಕು. ಇಲ್ದಿದ್ರೆ ಯಾವುದರಿಂದ ಏನಾಯ್ತು ಅಂತ ಲೆಕ್ಕ ತಪ್ಪೋಗ್ತದೆ."

"ನಾನ್ಯಾಕವ್ವ ಕಟ್ಲಿ?" ಅಂದೆ.

ಕಟ್ಟಲಿಲ್ಲ. ಯಜಮಾನರ ಕೈಲಿ ಕಟ್ಟಿಸಿದೆ.

ಯಾಕೆ ಕಟ್ಟಿಸಬಾರದು? ಹೊಸ ಮನೆಗೆ, ಹೊಸ ಗಾಡಿಗೆ, ಕೊನೆಗೆ ಕೋಳಿಗೂಡಿಗೂ ನಮ್ಮಲ್ಲಿ ದೃಷ್ಟಿ ತೆಗೆಯುತ್ತಾರೆ. ಊರಿಗೆಲ್ಲ ಕಾಣುವ ಮೂವತ್ತಡಿ ಕಂಬಕ್ಕೆ ದಿನಾ ನೂರು ಕಣ್ಣು ಬೀಳುವಾಗ ಅದು ನಡುಗದೆ ಇನ್ನೇನು ಮಾಡುತ್ತದೆ? ಅಮಾವಾಸ್ಯೆಯ ದಿನ ಹಿತ್ತಲಿನ ದೊಡ್ಡ ಬೂದುಗುಂಬಳಕಾಯಿಗೆ ಅರಿಸಿನ ಕುಂಕುಮ ಬಳಿದೆ. ಅದನ್ನು ನೇತುಹಾಕುವುದಕ್ಕೆ ಅಡುಗೆಮನೆಯ ನೆಲುವು ಬಿಚ್ಚಿಕೊಂಡೆ. ನೆಲುವು ಅಂದರೆ ಬೆಣ್ಣೆ ಗಡಿಗೆಯನ್ನು ಬೆಕ್ಕಿಗೆ ಎಟುಕದ ಹಾಗೆ ಜಂತೆಗೆ ನೇತುಹಾಕುವ ಹಗ್ಗದ ಬಲೆ. ನಾನೇ ಹೆಣೆದದ್ದು. ಯಾವ ಹೆಂಗಸಾದರೂ ನೆಲುವನ್ನು ತನ್ನ ಕೈಗೆ ತಕ್ಕ ಹಾಗೆ ಹೆಣೆಯುತ್ತಾಳೆ. ಮೇಲಿನ ಹಗ್ಗ ನನ್ನ ಮೊಳದಲ್ಲಿ ಒಂದು ಮೊಳ, ಅದಕ್ಕಿಂತ ಎಳೆಯಷ್ಟೂ ಹೆಚ್ಚಿಲ್ಲ.

ಮೊಮ್ಮಗಳು ಅವತ್ತು ಮಂಡ್ಯದಲ್ಲಿದ್ದಳು, ಸಂಜೆ ಬಸ್ಸಿಗೆ ಬರುವವಳು. ಯಜಮಾನರನ್ನು ಕಂಬದ ಬುಡಕ್ಕೆ ಕರೆದುಕೊಂಡು ಹೋದೆ.

"ಲೇ, ನಂಗೆ ಅರವತ್ತೆಂಟು ಕಣೇ. ಮ್ಯಾಲಿಂದ ಬಿದ್ರೆ ಏನ್ ಮಾಡೀಯೆ?"

"ಎತ್ಕತೀನಿ, ಅತ್ತು. ತೆಂಗಿನಮರ ಅತ್ತೋನು ಈ ಊರ್ನಾಗೆ ನನ್ನಂಗೆ ಇನ್ನೊಬ್ಬ ಇಲ್ಲ ಅಂತ ಮದುವೆಗೆ ಮುಂಚೆ ಏಳ್ತಿದ್ದೆ."

"ತೆಂಗಿನಮರ ಅಲ್ಲಾಡಾಕಿಲ್ಲ ಕಣೇ."

"ಇದೂ ಅಲ್ಲಾಡ್ದೆ ಇರ್ಲಿ ಅಂತ್ಲೇ ಕಟ್ತಿರಾದು. ಅತ್ತು ಅಂದ್ರೆ."

"ಮಗ ಕೇಳಿದ್ರೆ?"

"ಇಂಜಿನಿಯರಿಂಗು ಅನ್ನು."

ಚಕ್ರಕ್ಕೆ ತಡೆ ಹಾಕಿ ಹತ್ತಿದರು. ಅಟ್ಟದ ಕೆಳಗೆ, ಸಾಮಾನು ಎಳೆದುಕೊಳ್ಳಲು ಇಟ್ಟಿದ್ದ ಒಂದು ಕಬ್ಬಿಣದ ಕೊಕ್ಕೆ ಆಚೆಗೆ ಚಾಚಿಕೊಂಡಿತ್ತು. ರೆಕ್ಕೆಗೂ ತಗಲುವುದಿಲ್ಲ, ಕಂಬಕ್ಕೂ ತಗಲುವುದಿಲ್ಲ. ಅದಕ್ಕೆ ನೆಲುವನ್ನು ಸಿಕ್ಕಿಸಿ, ಕುಂಬಳಕಾಯಿ ಕೂರಿಸಿ ಇಳಿದರು. ಕೆಳಗಿನಿಂದ ನೋಡಿದರೆ ಅಟ್ಟದ ನೆರಳಿನಲ್ಲಿ ಒಂದು ಬೂದು ಬಣ್ಣದ ಉಂಡೆ. ನೋಡಿದವರಿಗೂ ಅದು ಯಂತ್ರದ ಭಾಗವೇ ಅನ್ನಿಸಬೇಕು.

ಮಾರನೆಯ ದಿನ ಮೊಮ್ಮಗಳು ನಾಲ್ಕು ತಂತಿಗಳನ್ನೂ ಬಿಗಿಮಾಡಿಸಿದಳು. ಹದವಾದ ಗಾಳಿ ಬಂತು. ದುರ್ಬೀನಿನಲ್ಲಿ ಕಣ್ಣಿಟ್ಟವಳು ಕೂಗಿದಳು, "ಎರಡು ಬೆರಳು! ಅಜ್ಜಿ, ಎರಡೇ ಬೆರಳು!"

ನಾನು ಗೋಡೆಗೆ ಗೆರೆ ಎಳೆದೆ. ಅವಳು ತಂತಿಯಿಂದ ಆಯಿತು ಎಂದು ಪುಸ್ತಕದಲ್ಲಿ ಬರೆದಳು. ನಾನು ಕುಂಬಳಕಾಯಿಯಿಂದ ಆಯಿತು ಎಂದು ಮನಸ್ಸಿನಲ್ಲಿ ಬರೆದುಕೊಂಡೆ. ಯಜಮಾನರು ನನ್ನ ಕಡೆ ನೋಡಿ ಮೀಸೆ ತಿರುವಿದರು. ಇಬ್ಬರೂ ತೆಪ್ಪಗಿದ್ದೆವು.

ತೆಪ್ಪಗಿರಲು ಬಿಡದೆ ಇದ್ದದ್ದು ಬೆಕ್ಕು. ನೆಲುವು ಇಲ್ಲದ ಮೇಲೆ ಬೆಣ್ಣೆ ಗಡಿಗೆ ಗೋಡೆಯ ಗೂಡಿಗೆ ಬಂತು. ಬೆಕ್ಕಿಗೆ ಹಬ್ಬವೇ ಹಬ್ಬ.

"ಅತ್ತೆ, ನೆಲುವು ಎಲ್ಲೋಯ್ತು?" ಅಂದಳು ಸೊಸೆ.

"ಅಳೇದಾಗಿತ್ತು ಕಣವ್ವ, ಕಿತ್ತೋಯ್ತು."

"ಓದ್ ವರ್ಸ ಎಣೆದಿದ್ದಲ್ವಾ?"

"ನನ್ನ ಕೈಯಿ ಮೊದಲ್ನಂಗೈತಾ?"

ಒಂದು ತಿಂಗಳು ಬೆಕ್ಕು ದಪ್ಪವಾಯಿತು, ನಾವು ಮುದ್ದೆಗೆ ಬೆಣ್ಣೆ ಇಲ್ಲದೆ ತಿಂದೆವು. ದಿನಾ ಎರಡು ಬೆರಳು, ಎರಡು ಬೆರಳು ಎಂದು ಗೋಡೆ ತುಂಬಿತು. ಮೊಮ್ಮಗಳು ಪುಸ್ತಕವನ್ನು ಸೊಗಸಾದ ಅಕ್ಷರದಲ್ಲಿ ನಕಲು ಮಾಡತೊಡಗಿದಳು.

ಮುಂದಿನ ಅಮಾವಾಸ್ಯೆ ಬಂತು. ಮೇಲಿನ ಕಾಯಿಯನ್ನು ಕಾಗೆ ಕುಕ್ಕಿ ಕೊಳೆತಿತ್ತು. ಕಾಯಿ ಬದಲಾಯಿಸಬೇಕಾದದ್ದೇ, ಕೊಳೆತದ್ದು ದೃಷ್ಟಿ ತಡೆಯುವುದಿಲ್ಲ. ಅವತ್ತು ನನಗೆ ಜ್ವರ, ಮಲಗಿದ್ದೆ. ಮಲಗಿದ ಕಡೆಯಿಂದಲೇ ಯಜಮಾನರಿಗೆ ಹೇಳಿದೆ, "ಅದೇ ತೂಕದ್ದು ನೋಡಿ ಕಟ್ಟು. ಒಂದು ಮೊಳ ಅಗ್ಗ."

"ಗೊತ್ತು ಬುಡೇ. ಒಂದ್ ಕಿತ ಕಟ್ಟಿವ್ನಿ, ಇನ್ನೊಂದ್ ಕಿತ ಬರಾಕಿಲ್ವಾ?"

ಹಳೆಯ ಕಾಯಿಯ ನೀರು ನೆಲುವಿಗೆಲ್ಲ ಇಳಿದು ನಾರುತ್ತಿತ್ತು. ಅದನ್ನು ಕಾಯಿ ಸಮೇತ ತಿಪ್ಪೆಗೆ ಎಸೆದು, ಹೊಸ ಹಗ್ಗ ತೆಗೆದುಕೊಂಡು ಹೊಸ ಕಾಯಿ ಕಟ್ಟಿ ಬಂದರು.

ಮಾರನೆಯ ದಿನದಿಂದ ಕಂಬ ಮತ್ತೆ ಕುಣಿಯತೊಡಗಿತು. ಐದು ಬೆರಳು, ಐದೂವರೆ ಬೆರಳು. ಮೊಮ್ಮಗಳು ತಂತಿ ಬಿಗಿಮಾಡಿಸಿದಳು. ಐದು. ಇನ್ನೂ ಬಿಗಿಮಾಡಿಸಿದಳು. ಐದು. ನಾನು ಜ್ವರ ಬಿಟ್ಟು ಎದ್ದು ನೋಡಿದೆ, ಕಾಯಿ ಇದ್ದ ಕಡೆಯೇ ಇದೆ, ಅರಿಸಿನ ಕುಂಕುಮ ಎಲ್ಲ ಇದೆ. ಈ ಸಲ ಯಾವ ಪಾಪಿಯ ಕಣ್ಣು ಬಿತ್ತು ಎಂದು ಊರಿನವರನ್ನೆಲ್ಲ ಒಬ್ಬೊಬ್ಬರಾಗಿ ನೆನಪು ಮಾಡಿಕೊಂಡು ಬೈದೆ.

ಇಂಜಿನಿಯರು ನಾಳೆ ಬರುತ್ತಾರೆ ಅನ್ನುವ ದಿನ, ಅಂದರೆ ಮೊನ್ನೆ ಬೆಳಿಗ್ಗೆ, ಮೊಮ್ಮಗಳು ಜಗುಲಿಯ ಮೇಲೆ ಪುಸ್ತಕ ಮುಚ್ಚಿಕೊಂಡು ಕೂತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಕಷ್ಟ ಆಗುತ್ತಿರಲಿಲ್ಲ.

"ತಂತಿಯಿಂದ ನಿಂತಿದ್ದು ಅಂತ ಬರೆದೆ ಅಜ್ಜಿ. ತಂತಿ ಹಾಗೇ ಇದೆ, ಕಂಬ ಕುಣೀತಿದೆ. ನಾನು ಬರೆದಿದ್ದೆಲ್ಲ ಸುಳ್ಳು. ನಾಳೆ ಅವರಿಗೆ ಅದನ್ನೇ ಹೇಳ್ತೀನಿ. ಕಂಬ ತಗೊಂಡು ಹೋಗ್ಲಿ. ಮುಂದಿನ ವರ್ಷ ಕೂತ್ಕೋತೀನಿ."

ಆ ಹೊತ್ತಿಗೆ ಸರಿಯಾಗಿ ಒಳಗಿನಿಂದ ಸೊಸೆ ಕೂಗಿದಳು, "ಇವತ್ತೂ ಬೆಣ್ಣೆಗೆ ಬಾಯಾಕ್ತು ನೋಡಿ! ನೆಲುವು ಇಲ್ದೆ ಈ ಮನೇಲಿ ಸಂಸಾರ ಮಾಡೋದೆಂಗೆ?"

"ನೆಲುವು ತಿಪ್ಪೇಲೈತೆ!" ಅಂದುಬಿಟ್ಟೆ.

ಸೊಸೆ ಹೊರಗೆ ಬಂದಳು. ಮೊಮ್ಮಗಳು ತಲೆ ಎತ್ತಿದಳು. ಯಜಮಾನರು ದನದ ಕೊಟ್ಟಿಗೆಯ ಕಡೆ ಮೆಲ್ಲಗೆ ಸರಿದರು.

"ತಿಪ್ಪೇಲಿ ಯಾಕೆ?" ಎಂದಳು ಸೊಸೆ.

"ಕಂಬದ ಮ್ಯಾಲಿಂದ ಇಳಿಸಿ ತಿಪ್ಪೆಗೆ ಆಕುದ್ರು ಅದಕ್ಕೆ."

ಆಮೇಲೆ ಎಲ್ಲ ಹೇಳಿದೆ. ಅಮಾವಾಸ್ಯೆ, ಕಾಯಿ, ಕೊಕ್ಕೆ, ಎಲ್ಲ. ಮೊಮ್ಮಗಳು ದುರ್ಬೀನಿನ ಹತ್ತಿರ ಓಡಿ ಕಂಬದ ತಲೆಯನ್ನು ನೋಡಿದಳು. ಅವಳು ತಿಂಗಳುಗಟ್ಟಲೆ ಪಟ್ಟೆಯ ಹಲಗೆ ಬಿಟ್ಟು ಅದರ ಪಕ್ಕಕ್ಕೆ ಕಣ್ಣು ಹೊರಳಿಸಿರಲೇ ಇಲ್ಲ. ನಂತರ ಪುಸ್ತಕ ತಿರುವಿ ದಿನ ನೋಡಿದಳು. ನನ್ನನ್ನು ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಬೈದಳು ಕೂಡ.

"ಅಜ್ಜೀ! ಏನೂ ಕಟ್ಬೇಡ ಅಂತ ಹೇಳಿದ್ನೋ ಇಲ್ವೋ?"

"ನಾನ್ ಕಟ್ಟಿಲ್ಲ ಕಣವ್ವ. ನಿಮ್ಮ ತಾತ ಕಟ್ಟಿದ್ದು."

ಕೊಟ್ಟಿಗೆಯಿಂದ ಕೆಮ್ಮು ಕೇಳಿಸಿತು.

ಅವಳು ಪುಸ್ತಕದ ಖಾಲಿ ಹಾಳೆ ತೆರೆದು ಪೆನ್ಸಿಲು ಹಿಡಿದಳು. ಆಮೇಲೆ ಬೇರೆಯೇ ದನಿಯಲ್ಲಿ ಕೇಳಿದಳು, "ಮೊದಲನೇ ಕಾಯಿ ಎಷ್ಟು ಉದ್ದದ ಹಗ್ಗದಲ್ಲಿತ್ತು?"

"ಒಂದು ಮೊಳ."

"ಎರಡನೇದು?"

"ಅದೂ ಒಂದು ಮೊಳವೇ," ಅಂದರು ಕೊಟ್ಟಿಗೆಯೊಳಗಿಂದ ಯಜಮಾನರು.

"ಯಾರ ಮೊಳ?"

ಅವಳು ತಾತನನ್ನು ಎಳೆದುಕೊಂಡು ಬಂದು, ನಮ್ಮಿಬ್ಬರ ಮೊಣಕೈಗಳನ್ನು ಜಗುಲಿಯ ಅಂಚಿಗೆ ಜೋಡಿಸಿ ಇಡಿಸಿದಳು. ಮದುವೆಯಾದಾಗಿನಿಂದ ನಾವು ಇಷ್ಟು ಹತ್ತಿರ ಕೈ ಇಟ್ಟುಕೊಂಡದ್ದು ಧಾರೆಯ ದಿನ ಮಾತ್ರ. ಅವರ ನಡುಬೆರಳು ನನ್ನದಕ್ಕಿಂತ ಅರ್ಧ ಗೇಣು ಮುಂದೆ ಹೋಗಿ ನಿಂತಿತು.

"ಎಮ್ಮೆ ಕಟ್ಟೋ ಗೂಟ ಇದ್ದಂಗದೆ ಕೈಯಿ," ಅಂದೆ.

"ಗಂಟಿಗೆ ಅಂತ ಇನ್ನೊಂದೆರಡು ಬೆರಳು ಜಾಸ್ತಿ ಬುಟ್ಟಿದ್ದೆ," ಅಂದರು ಅವರು, ತಪ್ಪು ಒಪ್ಪಿಕೊಳ್ಳುವವರ ಹಾಗಲ್ಲ, ಧಾರಾಳ ಮಾಡಿದವರ ಹಾಗೆ.

ಮೊಮ್ಮಗಳು ಹಿತ್ತಲಿಗೆ ಓಡಿ ಒಂದು ಬಿದಿರಿನ ದಬ್ಬೆ ತಂದಳು. ಅದರ ಬುಡವನ್ನು ಒರಳುಕಲ್ಲಿಗೆ ಬಿಗಿದು ನಿಲ್ಲಿಸಿ, ತುದಿಗೆ ಒಂದು ತೆಂಗಿನಕಾಯಿ ಕಟ್ಟಿದಳು. ಅದು ಕಂಬ. ತುದಿಯಿಂದ ದಾರದಲ್ಲಿ ಒಂದು ನಿಂಬೆಹಣ್ಣು ಇಳಿಬಿಟ್ಟಳು. ಅದು ನನ್ನ ಕುಂಬಳಕಾಯಿ. ದಬ್ಬೆಯನ್ನು ಎಳೆದು ಬಿಟ್ಟಳು, ತೂಗು ಎಣಿಸಿದಳು. ದಾರ ಉದ್ದವಾಗಿದ್ದಾಗ ದಬ್ಬೆ ತನ್ನ ಪಾಡಿಗೆ ತಾನು ಆಡುತ್ತಲೇ ಇತ್ತು. ತೀರ ಮೋಟು ಮಾಡಿದಾಗ ನಿಂಬೆಹಣ್ಣು ಅದರ ಜೊತೆಯಲ್ಲೇ ಹೋಗಿಬಂತು, ಅದರಿಂದಲೂ ಪ್ರಯೋಜನ ಇಲ್ಲ. ಎಳೆ ಎಳೆಯಾಗಿ ದಾರ ಇಳಿಸುತ್ತಾ ಹೋದಳು. ಒಂದು ಅಳತೆಗೆ ಬಂದಾಗ ನೋಡಿ, ದಬ್ಬೆ ಅತ್ತ ಹೋದರೆ ನಿಂಬೆಹಣ್ಣು ಇತ್ತ, ದಬ್ಬೆ ಇತ್ತ ಬಂದರೆ ನಿಂಬೆಹಣ್ಣು ಅತ್ತ. ನಾಲ್ಕೈದು ತೂಗಿಗೆ ದಬ್ಬೆ ಸುಸ್ತಾಗಿ ನಿಂತಿತು, ನಿಂಬೆಹಣ್ಣು ಮಾತ್ರ ಕುಣಿಯುತ್ತಿತ್ತು.

"ಗಂಡ ಎಂಡ್ತಿ ಜಗಳ ಆಡ್ದಂಗೆ," ಅಂದೆ.

"ಹೂಂ ಅಜ್ಜಿ. ಕಾಯಿಯ ತೂಗೂ ಕಂಬದ ತೂಗೂ ಒಂದೇ ಆದ್ರೆ ಕಂಬದ ಕುಣಿತಾನೆಲ್ಲ ಕಾಯಿ ಕಿತ್ಕೊಳ್ತದೆ. ನಿನ್ನ ಮೊಳಕ್ಕೆ ಅದು ಸರಿಹೋಗಿತ್ತು. ತಾತನ ಮೊಳಕ್ಕೆ ತಪ್ಪೋಯ್ತು."

"ಅಂಗಾದ್ರೆ ದೃಷ್ಟಿ?"

"ದೃಷ್ಟಿ ನನ್ನದೇ ಇರಬೇಕು," ಅಂದಳು. "ಆ ಹಲಗೆ ಬಿಟ್ಟು ಬೇರೆ ಏನೂ ನೋಡ್ಲಿಲ್ಲ ಈ ಕಣ್ಣು."

ತಿಪ್ಪೆಯಿಂದ ನೆಲುವು ತೆಗೆದು ಸೊಸೆ ಸೀಗೆಪುಡಿ ಹಾಕಿ ಮೂರು ಸಲ ತೊಳೆದಳು. ಮೂಗು ಮುಚ್ಚಿಕೊಂಡೇ ತೊಳೆದಳು, ಆದರೂ ತೊಳೆದಳು. ಕಾಯಿ ಕೊಳೆಯುತ್ತದೆ, ತಿಂಗಳಿಗೊಮ್ಮೆ ತೂಕ ಬದಲಾಗುತ್ತದೆ ಎಂದು ಮೊಮ್ಮಗಳು ಎಣ್ಣೆಯ ಹಳೆಯ ಡಬ್ಬದಲ್ಲಿ ಮರಳು ತುಂಬಿ, ತಕ್ಕಡಿಯಲ್ಲಿ ಕುಂಬಳಕಾಯಿಯ ತೂಕಕ್ಕೆ ಸರಿ ಮಾಡಿದಳು. ಡಬ್ಬವನ್ನು ಬಾಯಿವರೆಗೆ ತುಂಬಲಿಲ್ಲ. ಒಳಗೆ ಮರಳು ಜರುಗಿ ಒಂದಕ್ಕೊಂದು ಉಜ್ಜಿದರೆ ಕುಣಿತ ಬೇಗ ಸಾಯುತ್ತದಂತೆ. ಕಾಯಿ ಇಳಿಸಿ ಡಬ್ಬವನ್ನು ನೆಲುವಿನಲ್ಲಿ ಕೂರಿಸಲು ಯಜಮಾನರು ಮೂರನೆಯ ಸಲ ಹತ್ತಿದರು. ನಾನು ಕೆಳಗೆ ನಿಂತು ಕೂಗಿದೆ, "ನಿನ್ನ ಮೊಳ ಮನೇಲೇ ಬುಟ್ಟು ಅತ್ತು!" ಸಂಜೆಯ ಗಾಳಿಗೆ ಎರಡು ಬೆರಳಿಗೂ ಕಮ್ಮಿ ಬಂತು. ಪುಸ್ತಕದಲ್ಲಿ ತಂತಿಯ ಬಗ್ಗೆ ಬರೆದಿದ್ದನ್ನೆಲ್ಲ ಅವಳು ಅಡ್ಡಗೆರೆ ಎಳೆದು ಹೊಡೆದು ಹಾಕಿದಳು. ಅಂಥ ಸೊಗಸಾದ ಅಕ್ಷರ!

ನೆನ್ನೆ ಹತ್ತು ಗಂಟೆಗೆ ಇಂಜಿನಿಯರು ಜೀಪಿನಲ್ಲಿ ಬಂದರು. ಹಿಂದೆ ಖಾಲಿ ಲಾರಿ. ಆದರೆ ಗಾಳಿಯೇ ಇಲ್ಲ! ಆಷಾಢದಲ್ಲಿ ಗಾಳಿ ಇಲ್ಲ ಅಂದರೆ ಯಾರಾದರೂ ನಂಬುತ್ತಾರೆಯೇ? ಹನ್ನೊಂದಾಯಿತು, ಹನ್ನೆರಡಾಯಿತು. ಚಕ್ರ ನೊಣ ಓಡಿಸುವ ಹಾಗೆ ಒಂದೊಂದೇ ಸುತ್ತು. ಅವರು ಗಡಿಯಾರ ನೋಡಿಕೊಂಡರು. ಅವರನ್ನು ಹಿಡಿದು ಕೂರಿಸಬೇಕಲ್ಲ, ಮಜ್ಜಿಗೆ ಕೊಟ್ಟೆ, ಆಮೇಲೆ ಕಡಲೆಕಾಯಿ ಹುರಿದು ಕೊಟ್ಟೆ, ಆಮೇಲೆ ಮಗನ ಮದುವೆಯ ಕತೆ ಹೇಳಿದೆ. ಊಟ ಬಡಿಸಿದೆ. ಅವರು ಕೈ ತೊಳೆಯುತ್ತಿದ್ದಾಗ ತಂತಿ ಸಣ್ಣಗೆ ಗುಂಯ್ ಅಂದಿತು.

ಅವರು ಒದ್ದೆ ಕೈಯಲ್ಲೇ ದುರ್ಬೀನಿನ ಹತ್ತಿರ ಹೋದರು. ಹದವಾದ ಗಾಳಿ, ಹಪ್ಪಳದ ಗಾಳಿ. ಬಹಳ ಹೊತ್ತು ನೋಡಿದರು.

"ಎರಡು ಬೆರಳಿಗಿಂತ ಕಮ್ಮಿ ಇದೆ. ಏನು ಮಾಡಿದೆಯಮ್ಮ?"

ಮೊಮ್ಮಗಳು ಡಬ್ಬ ತೋರಿಸಿದಳು. ದಬ್ಬೆ ತಂದು ನಿಂಬೆಹಣ್ಣು ಆಡಿಸಿದಳು. ಅವರು, "ಅದನ್ನು ತೆಗೆಸಿ ನೋಡೋಣ," ಅಂದರು. ಯಜಮಾನರು ನಾಲ್ಕನೆಯ ಸಲ ಹತ್ತಿ ತೆಗೆದರು. ಕಂಬ ಕುಣಿಯಿತು, ಆರು ಬೆರಳು. ಮತ್ತೆ ಕಟ್ಟಲು ಹೇಳಿದರು, ಐದನೆಯ ಸಲ ಹತ್ತಿದರು. ಕಂಬ ನಿಂತಿತು. ಯಜಮಾನರು ಇಳಿದು ಬಂದು ಬಾವಿಕಟ್ಟೆಯ ಮೇಲೆ ಮಲಗಿಬಿಟ್ಟರು.

"ಈ ಉದ್ದ ಹೇಗೆ ಗೊತ್ತಾಯಿತು?"

ಲೆಕ್ಕದಿಂದ ಎಂದು ಹೇಳಬಹುದಾಗಿತ್ತು ಅವಳು. ಮೊನ್ನೆ ಸಂಜೆ ಲೆಕ್ಕವನ್ನೂ ಹಾಕಿದ್ದಳು, ಅದೂ ಸರಿಯಾಗಿತ್ತು.

"ಮೊದಲು ಅಜ್ಜಿಯ ಮೊಳದಿಂದ ಸಾರ್. ಲೆಕ್ಕ ಆಮೇಲೆ ಹಾಕಿದೆ," ಅಂದಳು. ಕುಂಬಳಕಾಯಿಯಿಂದ ತಿಪ್ಪೆಯವರೆಗೆ ಒಂದೂ ಬಿಡದೆ ಹೇಳಿದಳು. ನಾನು ಬಾಗಿಲ ಹಿಂದೆ ಸೇರಿಕೊಂಡೆ.

ಇಂಜಿನಿಯರು ನಗಲಿಲ್ಲ. ಜೇಬಿನಿಂದ ಟೇಪು ತೆಗೆದು, "ಅಮ್ಮ, ಸ್ವಲ್ಪ ಹೊರಗೆ ಬನ್ನಿ, ಕೈ ಚಾಚಿ," ಅಂದರು. ನನ್ನ ಮೊಳವನ್ನು ಮೂರು ಸಲ ಅಳೆದರು. ಬಳೆಗಳನ್ನು ಹಿಂದಕ್ಕೆ ಸರಿಸಿ ಅಳೆದರು. ಆಮೇಲೆ ಪುಸ್ತಕದಲ್ಲಿ ಬರೆದರು. ಮೊಮ್ಮಗಳು ಓದಿ ಹೇಳಿದ್ದು ಹೀಗೆ: ಕಂಬದ ಓಲಾಟ ತಗ್ಗಿಸಲು ತೂಗುಬಿಟ್ಟ ತೂಕವನ್ನು ಹಾಗೆಯೇ ಉಳಿಸಿಕೊಳ್ಳತಕ್ಕದ್ದು. ಹಗ್ಗದ ಉದ್ದ, ವಿದ್ಯಾರ್ಥಿನಿಯ ಅಜ್ಜಿಯ ಬಲಗೈ ಮೊಳ ಒಂದು.

ಅದರ ಕೆಳಗೆ ಸಹಿ. ಲಾರಿ ಖಾಲಿಯಾಗೇ ತಿರುಗಿತು. ಹೊರಡುವಾಗ ಅವರು ಕಂಬದ ಕಡೆ ಇನ್ನೊಂದು ಸಲ ನೋಡಿ ನನಗೆ ಮೆಲ್ಲಗೆ ಹೇಳಿದರು, "ದೃಷ್ಟಿಗೆ ಒಂದು ನಿಂಬೆಹಣ್ಣು ಬೇಕಾದರೆ ಬುಡಕ್ಕೆ ಕಟ್ಟಿಕೊಳ್ಳಿ. ತಲೆಗೆ ಬೇಡ."

ಸಂಜೆ ಮಗ ಮದ್ದೂರಿನಿಂದ ಬಂದ. ಪುಸ್ತಕದ ಆ ಹಾಳೆಯನ್ನು ಚಿಮಣಿ ದೀಪದ ಹತ್ತಿರ ಹಿಡಿದು ಎರಡು ಸಲ ಓದಿದ. ಆಗಲೂ ಏನೂ ಹೇಳಲಿಲ್ಲ. ಹಿತ್ತಲಿಗೆ ಹೋಗಿ ಕಣ್ಣು ಒರೆಸಿಕೊಂಡು ಬಂದವನು ನಾಟಿಕೋಳಿಯನ್ನು ಕಾಲು ಹಿಡಿದು ತಂದ. ಸೊಸೆ ಸಾರಿಗೆ ಇಟ್ಟಳು, ನಾನು ಮುದ್ದೆ ತಿರುವಿದೆ. ಐದೂ ಜನ ಒಂದೇ ಸಾಲಿಗೆ ಕೂತೆವು. ಯಜಮಾನರಿಗೆ ತೊಡೆ ನೋವು, ಕಾಲು ಮಡಚಲಾಗದೆ ನೀಡಿಕೊಂಡೇ ಕೂತಿದ್ದರು. ಅವರಿಗೆ ಕೋಳಿಯ ತೊಡೆಯನ್ನೇ ಹಾಕಿದೆ.

"ಮುದ್ದೆಗೆ ಬೆಣ್ಣೆ?" ಅಂದರು ಅವರು.

"ಬೆಕ್ಕನ್ನ ಕೇಳಿ ಮಾವ," ಅಂದಳು ಸೊಸೆ.

ಬೆಕ್ಕು ಹೊಸ್ತಿಲ ಹತ್ತಿರ ಕೂತು ಮೂಳೆಗೆ ಕಾಯುತ್ತಿತ್ತು. ಹೊಸ ನೆಲುವು ಹೆಣೆಯುವುದಕ್ಕೆ ಸಂಜೆಯೇ ನಾರು ನೆನೆ ಹಾಕಿದ್ದೆ. ಎಷ್ಟು ಉದ್ದ ಹೆಣೀತೀಯ ಎಂದು ಕೇಳಲು ಯಜಮಾನರು ಬಾಯಿ ತೆರೆದರು. ಮೊಮ್ಮಗಳು ಅವರ ಬಾಯಿಗೆ ದೊಡ್ಡದೊಂದು ಮುದ್ದೆಯ ತುತ್ತು ತುರುಕಿದಳು. ಎಲ್ಲರೂ ನಕ್ಕು, ಸಾರು ಮತ್ತೆ ಬಡಿಸಿಕೊಂಡು ಉಂಡೆವು.